ಎರಡನೇ ಸ್ಥಾನ ಅಂದ್ರೆ ಅಷ್ಟು ಸಸಾರಾನಾ?

ನಮ್ಮ ಸೈಕಲ್ ಗುಂಪಿನ ವಾಟ್ಸಾಪಲ್ಲಿ ಒಬ್ಬ ಮಹಾಶಯರು ಈಗಷ್ಟೇ ಅಪ್ಪಣೆ ಕೊಡಿಸಿದ್ದಾರೆ: "ಸ್ಟಾನ್ ಓಕರ್ಸಾ? ಅವನು ಟೂರ್ ಡಿ ಫ್ರಾನ್ಸ್ ಎರಡು ಸಲ ಸೋತವನು ಕಣ್ರಿ." ಕೆಳಗೆ ಸಾಲು ಸಾಲು ಹೆಬ್ಬೆರಳು. ಅಲ್ಲೇ ಉತ್ತರ ಕೊಟ್ಟರೆ ಜಗಳ ಆಗುತ್ತೆ, ಅದಕ್ಕೆ ಇಲ್ಲಿ ಬರೀತಿದ್ದೇನೆ. ನನ್ನ ಹಳೇ ರೇಸುಗಳ ಹುಚ್ಚು ಗೊತ್ತಿರುವವರು ಓದಿ, ಉಳಿದವರು ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಸೋತವನಂತೆ! ಟೂರ್ ಅಂದ್ರೆ ಫ್ರಾನ್ಸ್ ಸುತ್ತೋ ವಾರಗಟ್ಟಲೆಯ ಸೈಕಲ್ ರೇಸು. 1950ರಲ್ಲಿ ಸ್ವಿಟ್ಜರ್ಲೆಂಡಿನ ಫರ್ಡಿ ಕ್ಯೂಬ್ಲರ್ ಗೆದ್ದ, ಬೆಲ್ಜಿಯಂನ ಓಕರ್ಸ್ ಒಂಬತ್ತೂವರೆ ನಿಮಿಷ ಹಿಂದೆ ಎರಡನೆಯವನು. 1952ರಲ್ಲಿ ಮತ್ತೆ ಎರಡನೆಯವನು, ಈ ಸಲ 28 ನಿಮಿಷ 17 ಸೆಕೆಂಡ್ ಹಿಂದೆ. ಎಲ್ಲರೂ ನಗೋದು ಇದಕ್ಕೇ. ಮುಂದೆ ಇದ್ದವರು ಯಾರು ಅಂತ ನೋಡಿ ಸ್ವಾಮಿ, ಇಟಲಿಯ ದಿಗ್ಗಜ ಫೌಸ್ಟೊ ಕಾಪಿ! ಆ ವರ್ಷ ಆಲ್ಪ್ ಡ್ಯುಎಜ್ ಬೆಟ್ಟ ಮೊದಲ ಸಲ ಟೂರ್‌ನಲ್ಲಿ ಬಂತು, ಅಲ್ಲೂ ಕಾಪಿಯೇ, ಇಟಲಿಯ ಸೆಸ್ತ್ರಿಯೆರೆ ಬೆಟ್ಟದಲ್ಲೂ ಕಾಪಿಯೇ. ರೇಸಿನಲ್ಲಿ ಸ್ವಾರಸ್ಯವೇ ಉಳಿಯಲಿಲ್ಲ ಅಂತ ಸಂಘಟಕರು ಎರಡನೇ ಸ್ಥಾನದ ಬಹುಮಾನದ ದುಡ್ಡನ್ನೇ ಜಾಸ್ತಿ ಮಾಡಬೇಕಾಯ್ತು. ಅಂದರೆ ಆ ವರ್ಷ ನಿಜವಾದ ಪೈಪೋಟಿ ಇದ್ದದ್ದೇ ಎರಡನೇ ಸ್ಥಾನಕ್ಕೆ. ಅದನ್ನು ಹೊಡೆದವನು ಓಕರ್ಸ್. ಹಿಂದೆ ಎರಡು ಸಲ ಟೂರ್ ಗೆದ್ದಿದ್ದ ಜಿನೊ ಬಾರ್ತಾಲಿಯಂಥ ಬಾರ್ತಾಲಿ ನಾಲ್ಕನೆಯವನು.

"ಗೆದ್ದವನು ಗೆದ್ದವನೇ, ಉಳಿದವರನ್ನು ಯಾರು ನೆನಪಿಟ್ಕೋತಾರೆ" ಅಂತೀರಾ? ಸರಿ, ಹಾಗಾದರೆ ಗೆದ್ದದ್ದನ್ನೇ ಲೆಕ್ಕ ಹಾಕೋಣ. ಅದು ಯಾಕೋ ಯಾರಿಗೂ ಬೇಡ.

1955. ಓಕರ್ಸ್‌ಗೆ 35 ವರ್ಷ, ಇನ್ನು ಮುಗೀತು ಅನ್ನೋ ವಯಸ್ಸು. ಒಂದೇ ವಾರಾಂತ್ಯದಲ್ಲಿ, ಶನಿವಾರ ಫ್ಲೆಶ್ ವಲೋನ್ ಗೆದ್ದ, ಭಾನುವಾರ ಲಿಯೇಜ್–ಬಾಸ್ಟೋನ್–ಲಿಯೇಜ್ ಗೆದ್ದ. ಎರಡೂ ಬೆಲ್ಜಿಯಂನ ಆರ್ಡೆನ್ಸ್ ಗುಡ್ಡಗಳನ್ನು ಹತ್ತಿ ಇಳಿಯೋ ಒಂದು ದಿನದ ರೇಸುಗಳು, ನಡುವೆ ಇದ್ದದ್ದು ಒಂದು ರಾತ್ರಿ. ಈಗ ಈ ಎರಡರ ನಡುವೆ ಮೂರು ದಿನ ಬಿಡುವು ಇರುತ್ತೆ. ಆಮೇಲೆ ಆಗಸ್ಟಲ್ಲಿ ಇಟಲಿಯ ಫ್ರಾಸ್ಕಾತಿಯಲ್ಲಿ, ಇಟಲಿಯವರ ಮನೆಯಂಗಳದಲ್ಲೇ, ವಿಶ್ವ ಚಾಂಪಿಯನ್.

ಅದೇ ವರ್ಷ ಟೂರ್‌ನ ಹಸಿರು ಜೆರ್ಸಿಯೂ (ಅಂಕಗಳ ಪೈಪೋಟಿ ಗೆದ್ದವನಿಗೆ ಕೊಡೋದು) ಅವನದ್ದೇ, 1956ರಲ್ಲೂ ಅವನದ್ದೇ. ಆಗ ಆ ಜೆರ್ಸಿಯ ಲೆಕ್ಕ ಬಹಳ ಕ್ರೂರ. ಪ್ರತಿದಿನ ನೀವು ಎಷ್ಟನೆಯವರಾಗಿ ಬಂದಿರೋ ಅಷ್ಟು ಅಂಕ, ಕೊನೆಗೆ ಕಡಿಮೆ ಇದ್ದವನು ಗೆದ್ದ. ಮೂರನೆಯವನಾದರೆ ಮೂರು. ಒಂದು ದಿನ ಮೈಗಳ್ಳತನ ಮಾಡಿ ಎಂಬತ್ತನೆಯವನಾಗಿ ಬಂದರೆ ಹೋಯ್ತು, ಎಂಬತ್ತು ತಲೆ ಮೇಲೆ. ಹಾಗಾಗಿ ಬೆಟ್ಟ ಇರಲಿ, ಬಯಲಿರಲಿ, ದಿನಾ ಮುಂದೆ ಇರಲೇಬೇಕು. ಇಂಥದ್ದನ್ನು ಸತತ ಎರಡು ವರ್ಷ ಗೆದ್ದವನು "ಸೋತವನು". ಆಹಾ.

ನನಗೆ ಯಾಕಿಷ್ಟು ಉರಿ ಅಂದ್ರೆ, ಹೇಳಿಬಿಡ್ತೀನಿ, ನಮ್ಮ ಮನೇಲಿ ಅಕ್ಕ ಯಾವಾಗಲೂ ಫಸ್ಟು. ನಾನು "ಪರವಾಗಿಲ್ಲ". ನಲವತ್ತು ದಾಟಿದ ಮೇಲೂ ಆ "ಪರವಾಗಿಲ್ಲ" ಕಿವಿಯಲ್ಲಿ ಕೂತಿದೆ.

ಓಕರ್ಸ್‌ಗೆ ತಿರುಗಿ ಉತ್ತರ ಕೊಡೋಕೂ ಆಗಲಿಲ್ಲ ಪಾಪ. 1956ರ ಸೆಪ್ಟೆಂಬರ್ ಕೊನೆಯಲ್ಲಿ, ತನ್ನೂರು ಆಂಟ್‌ವರ್ಪ್‌ನ ಒಳಾಂಗಣ ಟ್ರ್ಯಾಕಲ್ಲಿ ಬಿದ್ದ, ಎರಡು ದಿನಕ್ಕೆ ತೀರಿಹೋದ. ಮರುವರ್ಷ ಲಿಯೇಜ್ ಹತ್ತಿರದ ಗುಡ್ಡದ ರಸ್ತೆಯಲ್ಲಿ ಅವನಿಗೊಂದು ಸ್ಮಾರಕ ಕಟ್ಟಿದರು. ಸೋತವರಿಗೆಲ್ಲ ಕಟ್ತಾ ಕೂತರೆ ಬೆಲ್ಜಿಯಂನಲ್ಲಿ ರಸ್ತೆಗೆ ಜಾಗ ಎಲ್ಲಿರ್ತಿತ್ತು?

ಮತ್ತೆ ಅವತ್ತು ಬೆಲ್ಜಿಯಂನಲ್ಲಿ ಓಕರ್ಸೇ ತನ್ನ ಹೀರೋ ಅಂತಿದ್ದ 11 ವರ್ಷದ ಹುಡುಗ ಒಬ್ಬನಿದ್ದ. ಎಡ್ಡಿ ಮರ್ಕ್ಸ್ ಅಂತ. ಓಕರ್ಸ್ ಟೂರ್ ಗೆದ್ದಿದ್ದಾನಾ ಇಲ್ವಾ ಅಂತ ಕೇಳಿಕೊಂಡು ಅವನೇನೂ ಕೂರಲಿಲ್ಲ. ದೊಡ್ಡವನಾಗಿ ತಾನೇ ಐದು ಸಲ ಗೆದ್ದ.