ಬೂದಿಯನ್ನು ಸಮುದ್ರಕ್ಕೆ ಬಿಡಬಹುದೇ? ಒಂದು ಸ್ಪಷ್ಟನೆ

ಮುಂಬೈಯಲ್ಲಿರುವ ನಮ್ಮ ಕರಾವಳಿ ಕಥೋಲಿಕರ ವಾಟ್ಸಾಪ್‌ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. "ಶವ ಸುಡಲು ಪೋಪರು ಈಗ ಒಪ್ಪಿದ್ದಾರೆ, ಬೂದಿಯನ್ನು ಮನೆಯಲ್ಲಿ ಇಡಬಹುದು, ಸಮುದ್ರಕ್ಕೂ ಬಿಡಬಹುದು" ಅಂತ. ಇದರಲ್ಲಿ ಅರ್ಧ ಹಳೆಯ ಸುದ್ದಿ, ಉಳಿದರ್ಧ ತಪ್ಪು.

ದಹನಕ್ಕೆ ಅನುಮತಿ ಸಿಕ್ಕಿದ್ದು 1963ರಲ್ಲೇ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, 1983ರ ಕಾನೂನು ಕೂಡ ಅದನ್ನೇ ಹೇಳುತ್ತದೆ: ಹೂಳುವುದೇ ಹೆಚ್ಚು ಇಷ್ಟ, ಸುಟ್ಟರೆ ತಡೆಯಿಲ್ಲ. ಕ್ರೈಸ್ತ ನಂಬಿಕೆಯನ್ನು ಅಲ್ಲಗಳೆಯಲೆಂದೇ ದಹನ ಆರಿಸಿಕೊಂಡರೆ ಮಾತ್ರ ತಕರಾರು. ಹಾಗಾಗಿ "ಸುಟ್ಟರೆ ಪೂಜೆ ಸಿಗಲ್ಲ" ಎಂದು ಹಿರಿಯರು ಹೆದರಿಸುವುದೂ ಸರಿಯಲ್ಲ.

ಗೊಂದಲ ಇರುವುದು ಬೂದಿಯ ವಿಷಯದಲ್ಲಿ. 2016ರಲ್ಲಿ ವ್ಯಾಟಿಕನ್‌ ಸ್ಪಷ್ಟವಾಗಿ ಹೇಳಿದೆ: ಬೂದಿ ಪವಿತ್ರ ಜಾಗದಲ್ಲಿರಬೇಕು. ಅಂದರೆ ಸಿಮಿಟ್ರಿ, ಚರ್ಚ್‌ ಅಥವಾ ಅದಕ್ಕಾಗಿ ಮೀಸಲಿಟ್ಟ ಸ್ಥಳ. ಗಾಳಿಗೆ ತೂರುವುದು, ನೀರಿಗೆ ಬಿಡುವುದು, ಪದಕ ಮಾಡಿಸಿ ಕೊರಳಿಗೆ ಹಾಕಿಕೊಳ್ಳುವುದು ಯಾವುದೂ ಇಲ್ಲ. ಮನೆಯಲ್ಲಿ ಇಡಲು ತೀರಾ ಅಪರೂಪದ ಸಂದರ್ಭದಲ್ಲಿ ಬಿಷಪರ ಅನುಮತಿ ಬೇಕು. ಸತ್ತವರು ಒಂದು ಕುಟುಂಬದ ಆಸ್ತಿಯಲ್ಲ, ಇಡೀ ಸಮುದಾಯ ಅವರಿಗಾಗಿ ಪ್ರಾರ್ಥಿಸಬೇಕು ಎಂಬುದು ಇದರ ಹಿಂದಿನ ಯೋಚನೆ. ನನಗಂತೂ ಇದು ನ್ಯಾಯ ಅನ್ನಿಸುತ್ತದೆ. ಫ್ಲ್ಯಾಟ್‌ ಮಾರಿದ ದಿನ ಕಪಾಟಿನ ಬೂದಿಯನ್ನು ಕೇಳೋರು ಯಾರು, ಅಲ್ವಾ?

ಹೊಸ ಸಂದೇಶದ ಮೂಲ ಬಹುಶಃ ಬೂದಿಯ ಬಗೆಗಿನ ಪ್ರಶ್ನೆಗಳಿಗೆ 2023ರ ಡಿಸೆಂಬರ್‌ನಲ್ಲಿ ವ್ಯಾಟಿಕನ್‌ ಕೊಟ್ಟ ಉತ್ತರ. ಆಗ ಎರಡು ಸಡಿಲಿಕೆ ಬಂತು. ಹಲವರ ಬೂದಿಯನ್ನು ಒಂದೇ ಪವಿತ್ರ ಜಾಗದಲ್ಲಿ ಸೇರಿಸಿಡಬಹುದು, ಆದರೆ ಪ್ರತಿಯೊಬ್ಬರ ಹೆಸರೂ ಅಲ್ಲಿರಬೇಕು. ಸ್ವಲ್ಪ ಬೂದಿಯನ್ನು ಮೃತರ ಬದುಕಿಗೆ ಮುಖ್ಯವಾಗಿದ್ದ ಸ್ಥಳದಲ್ಲಿಡಲು ಕೇಳಿದರೆ ಧರ್ಮಸಭೆಯ ಅಧಿಕಾರಿಗಳು ಪರಿಶೀಲಿಸಬಹುದು. ಸಮುದ್ರದ ಮಾತು ಅದರಲ್ಲಿಲ್ಲ.