ಕ್ಲೇಮ್ ರಿಜೆಕ್ಟ್ ಆಯ್ತಾ? ಮೊದಲು ಪತ್ರ ಕೈಗೆ ಬರಲಿ

ಅಪಘಾತವಾದ ಕಾರು ಗ್ಯಾರೇಜಿನಲ್ಲಿ ನಿಂತಿದೆ. ಎರಡು ವಾರ ಕಳೆದ ಮೇಲೆ ಸರ್ವಿಸ್ ಅಡ್ವೈಸರ್ ಫೋನ್ ಮಾಡಿ "ಸರ್, ನಿಮ್ಮ ಕ್ಲೇಮ್ ಪಾಸ್ ಆಗ್ಲಿಲ್ಲ, ಬಿಲ್ ಒಂದೂವರೆ ಲಕ್ಷ, ನೀವೇ ಕಟ್ಬೇಕಾಗುತ್ತೆ" ಅನ್ನುತ್ತಾರೆ. ಬಹಳ ಜನ ಇಲ್ಲೇ ಕೈಚೆಲ್ಲಿ, ಸಾಲವೋ ಸೋಲವೋ ಮಾಡಿ ದುಡ್ಡು ಕಟ್ಟಿ ಕಾರು ಬಿಡಿಸಿಕೊಂಡು ಬರುತ್ತಾರೆ. ಆದರೆ ಆ ಫೋನ್ ಕರೆ ನಿರಾಕರಣೆಯೇ ಅಲ್ಲ. ಫೋನ್ ಮಾಡಿದವರು ವಿಮಾ ಕಂಪನಿಯವರೂ ಅಲ್ಲ. ನಿರಾಕರಣೆ ಅಂದರೆ ಕಂಪನಿ ತನ್ನ ಹೆಸರಿನಲ್ಲಿ, ಕಾರಣ ಬರೆದು, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕೊಡುವುದಿಲ್ಲ ಎಂದು ತಿಳಿಸಿ ಕಳಿಸುವ ಪತ್ರ. ಅದು ಬರುವವರೆಗೆ ನೀವು ಮಾಡಬೇಕಾದ್ದು ಒಂದೇ ಕೆಲಸ: ಕ್ಲೇಮ್ ನಂಬರ್ ಹಾಕಿ, "ಕಾರಣ ಮತ್ತು ಷರತ್ತಿನ ಸಂಖ್ಯೆ ಸಮೇತ ಲಿಖಿತವಾಗಿ ತಿಳಿಸಿ" ಎಂದು ಕಂಪನಿಗೆ ಇಮೇಲ್ ಕಳಿಸುವುದು.

ಪತ್ರ ಬಂದಾಗ ಅದು ಯಾವ ಜಾತಿಯದು ನೋಡಿ. ನಾವು ರಿಜೆಕ್ಟ್ ಅನ್ನುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಷರತ್ತು ಮುರಿದಿದೆ ಎಂದು ಪೂರ್ತಿ ನಿರಾಕರಿಸುವುದು ಒಂದು. ಕೇಳಿದ ದಾಖಲೆ ಬರಲಿಲ್ಲ ಎಂದು 'ನೋ ಕ್ಲೇಮ್' ಬರೆದು ಫೈಲ್ ಮುಚ್ಚುವುದು ಇನ್ನೊಂದು. ದಾಖಲೆ ಕೊಟ್ಟು ಅದನ್ನು ಮತ್ತೆ ತೆರೆಸಬಹುದು. ಮೂರನೆಯದು ಬರೀ ಕಡಿತ, ಅದನ್ನು ರಿಜೆಕ್ಟ್ ಅನ್ನುವುದೇ ತಪ್ಪು. ಜೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಆ್ಯಡ್-ಆನ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಶೇ. 50 ಹೋಗುತ್ತದೆ. ಫೈಬರ್‌ಗೆ ಶೇ. 30. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡುತ್ತಾರೆ: ಮೂರರಿಂದ ನಾಲ್ಕು ವರ್ಷದೊಳಗಿದ್ದರೆ ಶೇ. 25, ಐದು ದಾಟಿ ಹತ್ತರೊಳಗಿದ್ದರೆ ಶೇ. 40. ಅಂದರೆ ಮೂರೂವರೆ ವರ್ಷದ ಕಾರಿನ 8,000 ರೂಪಾಯಿಯ ಬಂಪರ್‌ಗೆ 4,000, 10,000ದ ಬಾನೆಟ್‌ಗೆ 7,500 ಸಿಗುತ್ತದೆ. ಅದರ ಮೇಲೆ ಕಡ್ಡಾಯ ಕಡಿತ, 1500 ಸಿಸಿವರೆಗೆ 1,000, ಮೇಲ್ಪಟ್ಟು 2,000. ಈ ಲೆಕ್ಕ ಸರಿಯಿದ್ದರೆ ಜಗಳಕ್ಕೆ ಹೋಗಿ ಫಲವಿಲ್ಲ. ಕಾರಿನ ವಯಸ್ಸನ್ನು ತಪ್ಪಾಗಿ ಹಿಡಿದಿದ್ದರೆ, ಲೋಹದ ಭಾಗವನ್ನು ಪ್ಲಾಸ್ಟಿಕ್ ಕಾಲಂಗೆ ಹಾಕಿದ್ದರೆ ಮಾತ್ರ ಹಿಡಿಯಿರಿ.

ಪತ್ರಕ್ಕೆ ಇಷ್ಟೇಕೆ ಒತ್ತು ಅಂದರೆ, ನಿರಾಕರಣೆಯ ಪತ್ರದಲ್ಲಿ ಇಲ್ಲದ ಕಾರಣವನ್ನು ವಿಮಾ ಕಂಪನಿ ಆಮೇಲೆ ಕೋರ್ಟಿನಲ್ಲಿ ಹೊಸದಾಗಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಎತ್ತಿಹಿಡಿಯಿತು. ಅಂದರೆ ಕಂಪನಿ ಆ ಪತ್ರದಲ್ಲಿ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ. ನಿಮ್ಮ ಉತ್ತರ ಆ ಕಾರಣಕ್ಕೆ ಮಾತ್ರ ಇರಲಿ. ಸಿಟ್ಟಿನಲ್ಲಿ ನಾಲ್ಕು ಪುಟ ಬರೆದು, ಕೇಳದೇ ಇದ್ದ ವಿಷಯವನ್ನೆಲ್ಲ ಹೇಳಿ, ಅವರ ಕೈಗೆ ನೀವೇ ಹೊಸ ಅಸ್ತ್ರ ಕೊಡಬೇಡಿ.

ಇನ್ನು ಕಾರಣಗಳಿಗೆ ಬರೋಣ. ಅತಿ ಹೆಚ್ಚು ತಲೆನೋವು ಕೊಡುವ ಸಾಲು "ಹೇಳಿದ ಅಪಘಾತಕ್ಕೂ ಆಗಿರುವ ಡ್ಯಾಮೇಜಿಗೂ ತಾಳೆಯಾಗುತ್ತಿಲ್ಲ" ಎಂಬುದು. ಇದರ ಬೇರು ಹೆಚ್ಚಿನ ಸಲ ಕ್ಲೇಮ್ ಫಾರ್ಮಿನಲ್ಲಿದೆ. ಖಾಲಿ ಫಾರ್ಮಿಗೆ ಮಾಲೀಕರು ಸಹಿ ಹಾಕಿ ಕೊಟ್ಟು ಹೋಗುತ್ತಾರೆ. ಅಪಘಾತ ಹೇಗಾಯಿತು ಎಂಬ ಎರಡು ಸಾಲನ್ನು ಗ್ಯಾರೇಜಿನ ಹುಡುಗ ತನಗೆ ತೋಚಿದಂತೆ ತುಂಬುತ್ತಾನೆ. ನಾಯಿ ಅಡ್ಡ ಬಂದು ಡಿವೈಡರ್‌ಗೆ ಬಡಿದದ್ದು ಅಲ್ಲಿ "ಗೋಡೆಗೆ ತಾಗಿತು" ಎಂದಾಗಿರುತ್ತದೆ. ಓಡಿಸುತ್ತಿದ್ದವರು ಮಗ, ಫಾರ್ಮಿನಲ್ಲಿ ಅಪ್ಪನ ಹೆಸರು. ಎಫ್‌ಐಆರ್‌ನಲ್ಲಿ ರಾತ್ರಿ ಹತ್ತೂವರೆ, ಫಾರ್ಮಿನಲ್ಲಿ ಸಂಜೆ ಆರು. ಹಾನಿಯನ್ನು ಪರಿಶೀಲಿಸಿ ಕಂಪನಿಗೆ ವರದಿ ಕೊಡುವ ಸರ್ವೇಯರ್ ಮೊದಲು ಹುಡುಕುವುದೇ ಇಂಥ ಬಿರುಕನ್ನು. ಸಹಿ ಹಾಕುವ ಮುಂಚೆ ಆ ಎರಡು ಸಾಲು ನೀವೇ ಬರೆಯಿರಿ, ಕನ್ನಡದಲ್ಲಾದರೂ ಸರಿ, ಫೋಟೋ ತೆಗೆದಿಟ್ಟುಕೊಳ್ಳಿ. ಈಗಾಗಲೇ ತಪ್ಪಾಗಿದ್ದರೆ, ಫಾರ್ಮ್ ತುಂಬಿದ್ದು ಯಾರು, ನಿಜವಾಗಿ ನಡೆದದ್ದೇನು ಎಂದು ಒಪ್ಪಿಕೊಂಡು ತಿದ್ದುಪಡಿ ಪತ್ರ ಕೊಡಿ. ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ತೇಪೆ ಹಚ್ಚಲು ಹೋದರೆ ವಂಚನೆಯ ಆರೋಪ ಬರುತ್ತದೆ, ಅಲ್ಲಿಗೆ ನ್ಯಾಯವಾದ ಕ್ಲೇಮೂ ಮುಳುಗುತ್ತದೆ.

ಬೇರಿನ ಇನ್ನೊಂದು ಕವಲು ಹಳೆಯ ಡೆಂಟು. ಹೇಗೂ ಕ್ಲೇಮ್ ಇದೆಯಲ್ಲ, ಹಿಂದಿನ ಬಾಗಿಲಿನ ಗೀರನ್ನೂ ಸೇರಿಸಿಬಿಡೋಣ ಎಂದು ಗ್ಯಾರೇಜಿನವರು ಉಪಕಾರದ ಧಾಟಿಯಲ್ಲಿ ಹೇಳುತ್ತಾರೆ. ಸರ್ವೇಯರ್ ನೋಡುವುದು ಏಟಿನ ಎತ್ತರ, ಗೀರಿನ ದಿಕ್ಕು, ಎದುರಿನ ವಸ್ತುವಿನ ಬಣ್ಣ ಅಂಟಿದೆಯೇ, ಬಿರುಕಿನೊಳಗೆ ಧೂಳು ಕೂತಿದೆಯೇ, ತಗಡು ತುಕ್ಕು ಹಿಡಿದಿದೆಯೇ ಎಂಬುದನ್ನು. ಮುಂದಿನ ಬಂಪರ್‌ಗೆ ಬಿದ್ದ ಏಟು ಡಿಕ್ಕಿಯ ಬಾಗಿಲನ್ನು ಜಜ್ಜುವುದಿಲ್ಲ ಎಂಬುದು ಅವರಿಗೂ ಗೊತ್ತು. ಒಂದು ಹಳೇ ಡೆಂಟು ಸೇರಿಸಲು ಹೋಗಿ ಇಡೀ ಫೈಲೇ ಅನುಮಾನಕ್ಕೆ ಬೀಳುತ್ತದೆ. ತಾಳೆಯಾಗುವುದಿಲ್ಲ ಎಂಬ ಪತ್ರ ಬಂದರೆ ಸರ್ವೆ ವರದಿಯ ಪ್ರತಿ ಕೇಳಿ ಪಡೆಯಿರಿ. ಕಂಪನಿ ಸರ್ಕಾರಿ ವಲಯದ್ದಾಗಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿಯ ದಾರಿಯೂ ಇದೆ. ಸ್ಥಳದ ಫೋಟೋ, ರಸ್ತೆಯಲ್ಲಿ ಬಿದ್ದ ಗಾಜಿನ ಚೂರು, ಪೊಲೀಸ್ ಪ್ರಕರಣವಿದ್ದರೆ ಪಂಚನಾಮೆ ಮತ್ತು ಮೋಟಾರು ವಾಹನ ನಿರೀಕ್ಷಕರ ವರದಿ, ಇವುಗಳ ಜೊತೆ ಪರವಾನಗಿ ಇರುವ ಬೇರೊಬ್ಬ ಸರ್ವೇಯರ್‌ ಹತ್ತಿರ ನಿಮ್ಮ ಖರ್ಚಿನಲ್ಲಿ ಒಂದು ವರದಿ ಮಾಡಿಸಿ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ, ಅದರಿಂದ ಬೇರೆ ನಿಲುವು ತಳೆಯಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಆದರೆ ಬರೀ "ಒಪ್ಪುವುದಿಲ್ಲ" ಎಂದರೆ ವರದಿ ಬೀಳುವುದಿಲ್ಲ, ಎದುರಿಗೆ ಇನ್ನೊಂದು ವರದಿ ಬೇಕು. ಅದಕ್ಕೇ, ಬಿಚ್ಚಿದ ಹಳೇ ಭಾಗಗಳನ್ನು ಗುಜರಿಗೆ ಹಾಕಲು ಬಿಡಬೇಡಿ.

ಎರಡನೆಯ ದೊಡ್ಡ ಕಾರಣ ಎಂಜಿನ್. ರಸ್ತೆ ಉಬ್ಬಿಗೋ ಕಲ್ಲಿಗೋ ಕಾರಿನ ಅಡಿ ಬಡಿದು ಚೇಂಬರ್ (ಎಂಜಿನ್ ಆಯಿಲ್ ಇರುವ ತಳದ ತೊಟ್ಟಿ) ಒಡೆಯಿತು, ಆಯಿಲ್ ಸೋರಿತು, ದೀಪ ಹೊತ್ತಿದರೂ ಮನೆವರೆಗೆ ಹೋಗಿಬಿಡೋಣ ಎಂದು ಓಡಿಸಿದರು, ಎಂಜಿನ್ ಸೀಜ್ ಆಯಿತು. ಚೇಂಬರ್‌ಗೆ ದುಡ್ಡು ಬರುತ್ತದೆ, ಎಂಜಿನ್‌ಗೆ ಬರುವುದಿಲ್ಲ. ರೇಡಿಯೇಟರ್ ಒಡೆದು ಕೂಲಂಟ್ ಹೋದ ಮೇಲೆ ಓಡಿಸಿ ಹೆಡ್ ಗ್ಯಾಸ್ಕೆಟ್ ಸುಟ್ಟರೂ ಇದೇ ಕತೆ. ಪಾಲಿಸಿಯಲ್ಲಿ ಪರಿಣಾಮದ ನಷ್ಟಕ್ಕೆ, ಅಂದರೆ ಮೊದಲ ಹಾನಿಯಿಂದ ಮುಂದೆ ಹುಟ್ಟುವ ನಷ್ಟಕ್ಕೆ, ಪರಿಹಾರವಿಲ್ಲ ಎಂದಿದೆ. ಜೊತೆಗೆ ಸಾಮಾನ್ಯ ಷರತ್ತುಗಳ ನಾಲ್ಕನೆಯದರಲ್ಲಿ, ಅಪಘಾತವಾದ ಮೇಲೆ ರಿಪೇರಿ ಮಾಡಿಸದೆ ಓಡಿಸಿದರೆ ಹೆಚ್ಚಾಗುವ ಹಾನಿ ಮಾಲೀಕರ ಹೊಣೆ ಎಂದು ಸ್ಪಷ್ಟವಾಗಿದೆ. ಓಡಿಸಿದ್ದು ನಿಜವಾಗಿದ್ದರೆ, ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇಲ್ಲದಿದ್ದರೆ, ಈ ಕಾರಣವನ್ನು ಮುರಿಯುವುದು ಕಷ್ಟ. ಓಡಿಸದೇ ಇದ್ದರೆ ಅದನ್ನು ತೋರಿಸಬೇಕು: ಟೋಯಿಂಗ್ ರಸೀದಿಯಲ್ಲಿ ಕಾರು ಎತ್ತಿದ ಜಾಗ ಮತ್ತು ಸಮಯ, ರಸ್ತೆಯ ಮೇಲೆ ಆಯಿಲ್ ಚೆಲ್ಲಿದ ಫೋಟೋ, ಓಡೋಮೀಟರ್. ಕ್ರ್ಯಾಂಕ್ ಬೇರಿಂಗ್ ಎಷ್ಟು ಉಜ್ಜಿದೆ, ಅದು ಆಯಿಲ್ ಇಲ್ಲದೆ ಓಡಿದ್ದರಿಂದಲೋ ಏಟಿನಿಂದಲೋ ಎಂದು ವರ್ಕ್‌ಶಾಪಿನಿಂದ ಬರಹದಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ. ನೀರು ನುಗ್ಗಿದ ಕಾರಿನ ವಿಷಯದಲ್ಲಿ ಅವರು ನೋಡುವುದು ಬಾಗಿದ ಕನೆಕ್ಟಿಂಗ್ ರಾಡನ್ನು. ನೀರಿನಲ್ಲಿ ನಿಂತ ಮೇಲೆ ಸೆಲ್ಫ್ ಹೊಡೆದಿದ್ದಕ್ಕೆ ಅದೇ ಸಾಕ್ಷಿ ಎನ್ನುತ್ತಾರೆ.

ತಡವಾಗಿ ತಿಳಿಸಿದಿರಿ ಎಂಬ ಕಾರಣ ಮೇಲೆ ಗಟ್ಟಿ, ಒಳಗೆ ಟೊಳ್ಳು. ತಡವೊಂದನ್ನೇ ನೆಪ ಮಾಡಿ ನಿಜವಾದ ಕ್ಲೇಮನ್ನು ತಳ್ಳಬೇಡಿ ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲೇ ಹೇಳಿದೆ. ಕಾರು ಕಳವಾದ ಪ್ರಕರಣದಲ್ಲಿ ಪೊಲೀಸರಿಗೆ ಕೂಡಲೇ ತಿಳಿಸಿದ್ದರೆ ಕಂಪನಿಗೆ ತಡವಾಗಿ ತಿಳಿಸಿದ್ದು ಮಾತ್ರ ನಿರಾಕರಣೆಗೆ ಸಾಲದು ಎಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2020ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ನೀವು ಆಸ್ಪತ್ರೆಯಲ್ಲಿದ್ದಿರಾದರೆ ಡಿಸ್ಚಾರ್ಜ್ ಸಮರಿ ಲಗತ್ತಿಸಿ. ಹಾಗೆಯೇ ಅವರ ತಡದ ಲೆಕ್ಕವನ್ನೂ ನೀವು ಇಡಿ: ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ತೀರ್ಮಾನ ಎಂದು ಐಆರ್‌ಡಿಎಐನ 2024ರ ಸುತ್ತೋಲೆಯಲ್ಲಿದೆ.

ಲೈಸೆನ್ಸ್ ವಿಷಯದಲ್ಲಿ ನೋಡಬೇಕಾದ್ದು ಅಪಘಾತದ ದಿನ ಅದು ಚಾಲ್ತಿಯಲ್ಲಿತ್ತೇ ಎಂಬುದು. ಎಲ್‌ಎಂವಿ (ಹಗುರ ಮೋಟಾರು ವಾಹನದ) ಲೈಸೆನ್ಸ್ ಇಟ್ಟುಕೊಂಡು ಹಳದಿ ಬೋರ್ಡಿನ ಗಾಡಿ ಓಡಿಸಿದಿರಿ ಎಂಬ ತಕರಾರಿಗೆ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೆರೆ ಎಳೆದಿದೆ, 7,500 ಕಿಲೋವರೆಗಿನ ಗಾಡಿಗೆ ಆ ಲೈಸೆನ್ಸ್ ಸಾಕು. ಎಲ್‌ಎಲ್‌ಆರ್ ಇದ್ದವರಿಗೂ ಪಾಲಿಸಿ ಅನ್ವಯಿಸುತ್ತದೆ, ಎಲ್ ಬೋರ್ಡ್ ಇದ್ದು ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿದ್ದರೆ. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಿದ್ದು ಸಿಕ್ಕಿಬಿದ್ದರೆ ಪೂರ್ತಿ ಹಣ ಬರುವುದಿಲ್ಲ. ಆದರೆ ಪೂರ್ತಿ ಸೊನ್ನೆಯೂ ಆಗಬೇಕಿಲ್ಲ, 'ನಾನ್ ಸ್ಟ್ಯಾಂಡರ್ಡ್' (ಷರತ್ತು ಮುರಿದಿದ್ದರೂ ಒಂದು ಪಾಲು ಕೊಡುವ) ಆಧಾರದಲ್ಲಿ ಶೇ. 75ರವರೆಗೆ ಕೊಡುವ ಮಾರ್ಗಸೂಚಿಯನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹೇಳಿದೆ. ಕುಡಿದು ಓಡಿಸಿದ್ದರೆ ಅದು ಬೇರೆ ಮಾತು. ಉಸಿರಿನ ಪರೀಕ್ಷೆ ಆಗಿಲ್ಲ ಎಂಬ ವಾದ ಪಾರುಮಾಡುವುದಿಲ್ಲ, ಸುತ್ತಲಿನ ಸಂದರ್ಭ ನೋಡಿಯೂ ತೀರ್ಮಾನಿಸಬಹುದು ಎಂದು 2021ರಲ್ಲಿ ತೀರ್ಪಾಗಿದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಒಂದು ಕಹಿ ಮಾತು. ಆರ್‌ಸಿ ನಿಮ್ಮ ಹೆಸರಿಗಾಗಿದೆ, ಪಾಲಿಸಿ ಇನ್ನೂ ಹಳೇ ಮಾಲೀಕರ ಹೆಸರಲ್ಲಿದೆ ಎಂದಾದರೆ ಥರ್ಡ್ ಪಾರ್ಟಿ ಭಾಗ (ಬೇರೆಯವರಿಗಾದ ಹಾನಿಯದು) ತಾನಾಗಿ ನಿಮಗೆ ಬರುತ್ತದೆ, ನಿಮ್ಮ ಕಾರಿನ ಹಾನಿಯ ಭಾಗ ಬರುವುದಿಲ್ಲ. ಬಹಳ ವರ್ಷಗಳಿಂದ ಕಾನೂನು ಹೀಗೇ ಇದೆ. ಕಾರು ಕೈ ಬದಲಾದ 14 ದಿನದೊಳಗೆ ಕಂಪನಿಗೆ ಬರೆದು ಪಾಲಿಸಿ ಬದಲಿಸಿಕೊಂಡಿಲ್ಲದಿದ್ದರೆ ಈ ನಿರಾಕರಣೆಯ ವಿರುದ್ಧ ಖರ್ಚು ಮಾಡಬೇಡಿ ಎಂಬುದೇ ನನ್ನ ಸಲಹೆ. ಎನ್‌ಸಿಬಿ (ಹಿಂದೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಸುಳ್ಳು ಹೇಳಿ ಪಡೆದಿದ್ದೀರಿ ಎಂಬ ಕಾರಣಕ್ಕೆ ಮಾತ್ರ ಒಂದು ಪ್ರತಿವಾದವಿದೆ: ಪಾಲಿಸಿ ಕೊಟ್ಟ 21 ದಿನದೊಳಗೆ ಹಿಂದಿನ ಕಂಪನಿಗೆ ಬರೆದು ಖಚಿತಪಡಿಸಿಕೊಳ್ಳುವ ಕರ್ತವ್ಯ ಹೊಸ ಕಂಪನಿಯದ್ದು. ಬರೆದಿದ್ದರೇ ಎಂದು ಕೇಳಿ. ಗ್ರಾಹಕ ಆಯೋಗಗಳ ತೀರ್ಪು ಇದರಲ್ಲಿ ಎರಡೂ ಕಡೆ ಇವೆ.

ನಿಮ್ಮ ಕಾರಿನ ಕ್ಲೇಮ್ ಬಿದ್ದುಹೋಯಿತೆಂದು ಗಾಯಗೊಂಡವರ ಕ್ಲೇಮ್ ಬೀಳುವುದಿಲ್ಲ. ಮೋಟಾರು ಅಪಘಾತ ನ್ಯಾಯಮಂಡಳಿಯಿಂದ ನೋಟಿಸ್ ಬಂದರೆ ಅದನ್ನು ಕೂಡಲೇ ಕಂಪನಿಗೆ ತಲುಪಿಸಿ ರಸೀದಿ ಇಟ್ಟುಕೊಳ್ಳಿ.

ಮೇಲೆ ಹೋಗುವ ದಾರಿ ಹೀಗಿದೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು. ಎರಡು ವಾರದಲ್ಲಿ ಉತ್ತರಿಸಬೇಕು. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255ರಲ್ಲಿ ದಾಖಲಿಸಿ, ಟೋಕನ್ ನಂಬರ್ ಇರಲಿ. ಆ ಪೋರ್ಟಲ್ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೇ ತಳ್ಳುತ್ತದೆ, ಆದರೆ ದಾಖಲೆ ಉಳಿಯುತ್ತದೆ. ದೂರನ್ನು ತಿರಸ್ಕರಿಸಿದರೆ, ಇಲ್ಲವೇ ಒಂದು ತಿಂಗಳು ಉತ್ತರ ಬಾರದಿದ್ದರೆ, ವಿಮಾ ವಿವಾದಗಳನ್ನು ಕೋರ್ಟಿನ ಹೊರಗೆ ತೀರ್ಮಾನಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, 50 ಲಕ್ಷದವರೆಗಿನ ವಿವಾದ ನಡೆಯುತ್ತದೆ, ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿನ ಆದೇಶಕ್ಕೆ ಕಂಪನಿ ಬದ್ಧ, ನೀವು ಬದ್ಧರಲ್ಲ. ತಡ, ಲೈಸೆನ್ಸ್, ಲೆಕ್ಕದ ತಪ್ಪು, ಹೀಗೆ ಕಾಗದದಲ್ಲೇ ಇತ್ಯರ್ಥವಾಗುವ ಸಂಗತಿಗೆ ಒಂಬುಡ್ಸ್‌ಮನ್ ಚೆನ್ನ. ಎಂಜಿನ್ ಹೇಗೆ ಹೋಯಿತು, ಏಟು ಎಲ್ಲಿಂದ ಬಿತ್ತು ಎಂದು ತಜ್ಞರ ವರದಿ ಎದುರುಬದುರು ನಿಲ್ಲಬೇಕಾದಾಗ ಜಿಲ್ಲಾ ಗ್ರಾಹಕ ಆಯೋಗವೇ ವಾಸಿ. ಅಲ್ಲಿ ಮೊತ್ತದ ಮಿತಿ ನೋಡುವುದು ನೀವು ಕಟ್ಟಿದ ಹಣದ ಮೇಲೆ, ಅಂದರೆ ಪ್ರೀಮಿಯಂ ಮೇಲೆ. 5 ಲಕ್ಷದವರೆಗೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಗ್ರಾಹಕ ಆಯೋಗದಲ್ಲಿ ಕೇಸು ನಡೆಯುತ್ತಿರುವಾಗ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ, ಆದ್ದರಿಂದ ಕ್ರಮ ಯೋಚಿಸಿ ಆರಿಸಿ.

ಈ ನಡುವೆ ಕಾರು ಗ್ಯಾರೇಜಿನಲ್ಲೇ ನಿಂತರೆ ಪಾರ್ಕಿಂಗ್ ಬಾಡಿಗೆ ಏರುತ್ತದೆ. "ಇಂಥ ದಿನದಿಂದ ನನ್ನ ಖರ್ಚಿನಲ್ಲಿ ರಿಪೇರಿ ಶುರು ಮಾಡಿಸುತ್ತಿದ್ದೇನೆ, ಮತ್ತೆ ನೋಡುವುದಿದ್ದರೆ ಅದಕ್ಕೆ ಮುಂಚೆ ಬನ್ನಿ, ನನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ" ಎಂದು ಕಂಪನಿಗೆ ಇಮೇಲ್ ಮಾಡಿ, ಪ್ರತಿ ಹಂತದ ಫೋಟೋ ತೆಗೆಸಿ, ಬಿಲ್ಲನ್ನು ಬ್ಯಾಂಕ್ ಮೂಲಕವೇ ಕಟ್ಟಿ. ಅರ್ಧ ಹಣ ಕೊಟ್ಟು "ಪೂರ್ಣ ತೃಪ್ತಿಯಿಂದ ಸ್ವೀಕರಿಸಿದ್ದೇನೆ" ಎಂಬ ವೋಚರ್‌ಗೆ ಸಹಿ ಕೇಳಿದರೆ "ಆಕ್ಷೇಪಣೆಯೊಂದಿಗೆ" ಎಂದು ಸೇರಿಸಿ ಹಾಕಿ. ಒಪ್ಪದಿದ್ದರೆ, ಒತ್ತಾಯದಿಂದ ಸಹಿ ಹಾಕಿದ್ದೇನೆ ಎಂದು ಅಂದೇ ಇಮೇಲ್ ಹೋಗಲಿ. ಒತ್ತಡದಲ್ಲಿ ಹಾಕಿದ ಸಹಿ ದಾರಿ ಮುಚ್ಚುವುದಿಲ್ಲ ಎಂದು 1999ರ ತೀರ್ಪಿದೆ, ಆದರೆ ಒತ್ತಡವಿತ್ತು ಎಂದು ತೋರಿಸಬೇಕಾದವರು ನೀವೇ.

ಗ್ರಾಹಕ ಆಯೋಗಕ್ಕೆ ಹೋಗಲು ನಿರಾಕರಣೆಯ ದಿನದಿಂದ ಎರಡು ವರ್ಷ ಗಡುವು. ಮರುಪರಿಶೀಲಿಸಿ ಎಂದು ನೀವು ಎಷ್ಟು ಪತ್ರ ಬರೆದರೂ ಆ ಗಡುವು ಮುಂದಕ್ಕೆ ಹೋಗುವುದಿಲ್ಲ. ಪತ್ರ ಕೈಗೆ ಬಂದ ದಿನವೇ ಅದರ ಮೇಲ್ತುದಿಯಲ್ಲಿ ಪೆನ್ಸಿಲಿನಿಂದ ಆ ಕೊನೇ ತಾರೀಖನ್ನು ಬರೆದಿಡಿ.