ತುಪ್ಪಕ್ಕೆ ಪಥ್ಯ, ಪಫ್‌ಗೆ ಮಾಫಿ

ಮೊನ್ನೆ ಊರಿಗೆ ಫೋನ್ ಮಾಡಿದಾಗ ಅಕ್ಕ ಅಂದಳು, "ನಿಮ್ಮ ಭಾವಂಗೆ ಕೊಲೆಸ್ಟ್ರಾಲ್ ಅಂತೆ ಕಣೋ, ಮನೇಲಿ ತುಪ್ಪ ಬಂದ್." ಒಬ್ಬಟ್ಟಿಗೂ ಇಲ್ಲವಂತೆ. ಪಾಪ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಭಾವನ ದನಿ: ಬೇಕರಿಯಿಂದ ಪಫ್ ತಂದ್ರಾ? ಆ ಮಾತು ಯಾಕೋ ಚುಚ್ಚಿತು.

ನಾನಿರುವುದು ಕೋಪನ್‌ಹೇಗನ್‌ನಲ್ಲಿ. ಇಲ್ಲಿಯವರು ಬ್ರೆಡ್ಡಿಗೆ ಬೆಣ್ಣೆ ಮೆತ್ತುವುದನ್ನು ಕಂಡರೆ ಅಕ್ಕ ಎದೆ ಹಿಡಿದುಕೊಂಡಾಳು. ಆಫೀಸಿನ ಊಟದ ಹೊತ್ತಿನಲ್ಲಿ ಪಕ್ಕದವನನ್ನು ಕೇಳಿದೆ, ಎಣ್ಣೆಯನ್ನು ಕಾರ್ಖಾನೆಯಲ್ಲಿ ಗಟ್ಟಿ ಮಾಡುವಾಗ ಹುಟ್ಟಿ ಬೇಕರಿ ತಿಂಡಿಗೆ ಸೇರುವ ಟ್ರಾನ್ಸ್ ಕೊಬ್ಬಿನ ಭಯ ಇಲ್ಲವೇ ಎಂದು. ಅದೇನೆಂದೇ ಅವನಿಗೆ ಗೊತ್ತಿರಲಿಲ್ಲ! ಗೊತ್ತಿರಬೇಕಾದ ಅಗತ್ಯವೂ ಬಿದ್ದಿಲ್ಲ ಅನ್ನಿ. ಆಹಾರದಲ್ಲಿರುವ 100 ಗ್ರಾಂ ಕೊಬ್ಬಿನಲ್ಲಿ ಕಾರ್ಖಾನೆಯಲ್ಲಿ ಹುಟ್ಟಿದ ಟ್ರಾನ್ಸ್ ಕೊಬ್ಬು 2 ಗ್ರಾಂ ದಾಟಬಾರದೆಂದು ಡೆನ್ಮಾರ್ಕ್ 2003ರಲ್ಲೇ ಕಾನೂನು ಮಾಡಿತು. ಇಂಥ ಮಿತಿ ಹೇರಿದ ಮೊದಲ ದೇಶ ಇದೇ. ಸ್ಟೀನ್ ಸ್ಟೆಂಡರ್ ಎಂಬ ವೈದ್ಯರು ಇದರ ಬೆನ್ನು ಹತ್ತಿದ್ದರು. ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿಕೊಳ್ಳಿ ಅಂತ ತಿನ್ನುವವರಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ತಯಾರಿಸುವವರ ಕೈ ಕಟ್ಟಿದರು.

ನಮ್ಮಲ್ಲಿ ಹೊಣೆಯೆಲ್ಲ ತಿನ್ನುವವನ ನಾಲಿಗೆಯದು. ಡಾಕ್ಟರು "ಜಿಡ್ಡು ಕಡಿಮೆ ಮಾಡಿ" ಅನ್ನುತ್ತಾರೆ. ಯಾವ ಜಿಡ್ಡೆಂದು ಬಿಡಿಸಿ ಹೇಳಲು ಅವರಿಗೆ ಪುರುಸೊತ್ತೆಲ್ಲಿ? ಮನೆಯವರು ಕಣ್ಣೆದುರಿಗಿರುವ ತುಪ್ಪದ ಮಿಳ್ಳೆಯನ್ನು ಎತ್ತಿಡುತ್ತಾರೆ. ಕೆಲವರಂತೂ ಒಗ್ಗರಣೆಗೂ ಎಣ್ಣೆ ತೋರಿಸುವುದಿಲ್ಲ. ಸೊಪ್ಪು, ಕ್ಯಾರೆಟ್‌ನಲ್ಲಿ ಎ ಜೀವಸತ್ವವಾಗುವ ಅಂಶ ಮೈಗೆ ಹತ್ತಬೇಕಾದರೂ ಒಂದಿಷ್ಟು ಕೊಬ್ಬು ಬೇಕು. ಲಿನೋಲೆಯಿಕ್ ಆಮ್ಲವನ್ನಂತೂ ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಕಡಲೆಕಾಯಿ ಎಣ್ಣೆಯಂಥದ್ದರಿಂದಲೇ ಬರಬೇಕು. ಇದನ್ನು ಹೇಳಿದರೆ "ಫಾರಿನ್ನಿನಲ್ಲಿದ್ದು ಬುದ್ಧಿ ಹೇಳ್ತಾನೆ" ಅನ್ನಿಸಿಕೊಳ್ಳಬೇಕು.

ಪಫ್‌ನೊಳಗಿನ ಜಿಡ್ಡು ಮಾತ್ರ ಯಾರ ಕಣ್ಣಿಗೂ ಬೀಳದು. ಅದು ಪದರ ಪದರವಾಗಿ ಏಳಬೇಕಾದರೆ ನಡುವೆ ಗಟ್ಟಿ ಕೊಬ್ಬು ಬೇಕೇ ಬೇಕು. ಬೆಣ್ಣೆ ದುಬಾರಿ, ಅದಕ್ಕೇ ವನಸ್ಪತಿ ಬಂತು. ನಿಕ್ಕಲ್ ಜೊತೆಗಿಟ್ಟು ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಅರೆಬರೆ ಗಟ್ಟಿ ಮಾಡಿದಾಗ ಹುಟ್ಟುವುದೇ ಈ ಟ್ರಾನ್ಸ್ ಕೊಬ್ಬು. ತುಪ್ಪದಲ್ಲಿರುವ ಸ್ಯಾಚುರೇಟೆಡ್ ಕೊಬ್ಬೂ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಇಲ್ಲವೆನ್ನುವುದಿಲ್ಲ. ಟ್ರಾನ್ಸ್ ಕೊಬ್ಬಾದರೋ ಎಲ್‌ಡಿಎಲ್ ಏರಿಸಿ, ಸಾಲದ್ದಕ್ಕೆ ಒಳ್ಳೆಯ ಕೊಲೆಸ್ಟ್ರಾಲ್ ಅನ್ನಿಸಿಕೊಂಡ ಎಚ್‌ಡಿಎಲ್ಲನ್ನೂ ಇಳಿಸುತ್ತದೆ. ಕಾಗದದಲ್ಲಿ ಸುತ್ತಿ ಕೊಡುವ ಪಫ್, ಖಾರಾ ಬಿಸ್ಕತ್ತಿನ ಮೇಲೆ ಲೇಬಲ್ಲೂ ಇಲ್ಲ, ಓದುತ್ತೇನೆಂದವನಿಗೂ ದಾರಿಯಿಲ್ಲ.

ಹಾಗಂತ ನಮ್ಮವರು ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳಬೇಕು. ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರಲ್ಲಿ ಶೇ. 3ಕ್ಕೆ ಇಳಿಸಿ, 2022ರ ಜನವರಿಯಿಂದ ಭಾರತದಲ್ಲೂ ಅದೇ ಶೇ. 2ರ ಮಿತಿ ಬಂದಿದೆ. ಬೋಂಡಾ ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಎಷ್ಟರವರೆಗೆ ಕಾಯಿಸಬಹುದು ಎಂಬುದಕ್ಕೂ 2018ರಿಂದ ನಿಯಮವಿದೆ. ಭಾವನ ಪಫ್ ಈಗ ಮೊದಲಿನಷ್ಟು ಕೆಟ್ಟದ್ದಲ್ಲದೆಯೂ ಇರಬಹುದು. ಆದರೆ ಗಲ್ಲಿಗಲ್ಲಿಯ ಬೇಕರಿಗೆ ಹೋಗಿ ನೋಡುವವರು ಯಾರು? 60 ಲಕ್ಷದ ಆಸುಪಾಸು ಜನರಿರುವ ದೇಶದಲ್ಲಿ ಕೂತು ಈ ಪ್ರಶ್ನೆ ಕೇಳುವುದು ಸುಲಭ, ಅದೂ ಗೊತ್ತು.

ಇಲ್ಲಿಯವರೇನು ಸಂತರೂ ಅಲ್ಲ. 2011ರ ಅಕ್ಟೋಬರ್‌ನಲ್ಲಿ ಸರ್ಕಾರ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ತೆರಿಗೆ ಹಾಕಿತು. ಬೆಣ್ಣೆ, ಚೀಸು ತುಟ್ಟಿಯಾದವು. ಗಡಿಯ ಕಡೆಯವರು ಗಾಡಿ ಹತ್ತಿ ಜರ್ಮನಿಗೆ ಹೋಗಿ ಕೊಂಡು ತರತೊಡಗಿದರು, ವ್ಯಾಪಾರಿಗಳು ಗೊಣಗಿದರು. 2013ರ ಜನವರಿ ಬರುವಷ್ಟರಲ್ಲಿ ಆ ತೆರಿಗೆಯೇ ಇರಲಿಲ್ಲ.